ಮಕ್ಕಳಲ್ಲಿ ಅಸ್ತಮಾ

ಮಕ್ಕಳಲ್ಲಿ ಅಸ್ತಮಾ (ಗೂರಲು, ಉಬ್ಬಸ) ಶ್ವಾಸನಾಳಗಳ ದೀರ್ಘಕಾಲೀನ ಉರಿಯೂತದಿಂದ ಉಂಟಾಗುವ ಉಸಿರಾಟದ ಕಾಯಿಲೆಯಾಗಿದೆ. ಈ ಉರಿಯೂತದಿಂದ ಶ್ವಾಸನಾಳಗಳು ಅತಿಸೂಕ್ಷ್ಮಗೊಂಡು, ನೆಗಡಿ, ಧೂಳು, ಹೊಗೆ, ತಣ್ಣನೆಯ ಗಾಳಿ ಮುಂತಾದವುಗಳ ಸಂಪರ್ಕವಾದೊಡನೆ ಸಂಕುಚಿತಗೊಳ್ಳುತ್ತವೆ. ಮತ್ತೆ ಮತ್ತೆ ಬರುವ ಕೆಮ್ಮು, ಉಸಿರು ಬಿಡುವಾಗ ಕೇಳುವ ಸಿಳ್ಳೆಯಂತಹ ಸದ್ದು, ಏದುಸಿರು ಮತ್ತು ಎದೆಯ ಬಿಗಿತ ಇದರ ಪ್ರಮುಖ ಲಕ್ಷಣಗಳು. ಮಕ್ಕಳನ್ನು ಬಾಧಿಸುವ ದೀರ್ಘಕಾಲೀನ ಕಾಯಿಲೆಗಳಲ್ಲಿ ಇದು ಅತ್ಯಂತ ಸಾಮಾನ್ಯವಾದುದು.

ಅಸ್ತಮಾದ ಲಕ್ಷಣಗಳು ಬಂದು ಹೋಗುತ್ತವೆ. ಆದರೆ ಅವುಗಳಿಗೆ ಮೂಲವಾದ ಉರಿಯೂತವು ಮಗು ಆರೋಗ್ಯವಾಗಿ ಕಾಣುವ ದಿನಗಳಲ್ಲಿಯೂ ಉಳಿದಿರಬಹುದು. ಉಬ್ಬಸ ಬಂದಾಗ ಮಾತ್ರ ಔಷಧ ಕೊಟ್ಟು, ಅದು ನಿಂತೊಡನೆ ಚಿಕಿತ್ಸೆಯನ್ನೂ ನಿಲ್ಲಿಸುವುದು ಈ ಕಾಯಿಲೆಯ ನಿರ್ವಹಣೆಯಲ್ಲಿ ಆಗುವ ಅತಿ ಸಾಮಾನ್ಯವಾದ ಮತ್ತು ಅಪಾಯಕರವಾದ ತಪ್ಪಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ ಎಲ್ಲ ವಯಸ್ಸಿನವರೂ ಸೇರಿ ಸುಮಾರು 26.2 ಕೋಟಿ ಜನರಿಗೆ ಅಸ್ತಮಾ ಇತ್ತು. ಆ ವರ್ಷ ಸುಮಾರು 4.55 ಲಕ್ಷ ಜನರು ಇದರಿಂದ ಮೃತಪಟ್ಟರು. ಇವುಗಳಲ್ಲಿ ಹೆಚ್ಚಿನ ಸಾವುಗಳು ಸಂಭವಿಸಿದ್ದು ಕಡಿಮೆ ಮತ್ತು ಕೆಳಮಧ್ಯಮ ಆದಾಯದ ದೇಶಗಳಲ್ಲಿ. ಅಸ್ತಮಾವನ್ನು ಸಂಪೂರ್ಣವಾಗಿ ಗುಣಪಡಿಸುವ ಔಷಧ ಇಲ್ಲವಾದರೂ, ಸರಿಯಾದ ಚಿಕಿತ್ಸೆಯಿಂದ ಬಹುಪಾಲು ಮಕ್ಕಳು ಶಾಲೆ, ಆಟ, ನಿದ್ರೆ ಯಾವುದಕ್ಕೂ ಅಡ್ಡಿಯಿಲ್ಲದೆ ಬೆಳೆಯಬಲ್ಲರು.

ಹೆಸರು

'ಅಸ್ತಮಾ' ಎಂಬ ಪದವು ಗ್ರೀಕ್ ಮೂಲದ್ದು. ಏದುಸಿರು ಬಿಡುವುದು ಎಂಬುದು ಅದರ ಅರ್ಥ. ಕನ್ನಡದಲ್ಲಿ ಗೂರಲು, ಉಬ್ಬಸ, ದಮ್ಮು ಎಂಬ ಹೆಸರುಗಳು ಬಳಕೆಯಲ್ಲಿವೆ. ಆಯುರ್ವೇದದ ಚರಕ ಸಂಹಿತೆಯು ಐದು ಬಗೆಯ ಶ್ವಾಸರೋಗಗಳನ್ನು ಹೇಳುತ್ತದೆ. ಅವುಗಳಲ್ಲಿ 'ತಮಕ ಶ್ವಾಸ'ದ ವರ್ಣನೆಯು ಅಸ್ತಮಾಕ್ಕೆ ಬಹಳ ಹತ್ತಿರವಾಗಿದೆ: ರೋಗಿಗೆ ಮಲಗಿದರೆ ಬಾಧೆ ಹೆಚ್ಚುತ್ತದೆ, ಎದ್ದು ಕುಳಿತರೆ ಸಮಾಧಾನವಾಗುತ್ತದೆ ಎಂಬ ಗಮನಿಕೆ ಅದರಲ್ಲಿದೆ.

ಮಕ್ಕಳ ವಿಷಯದಲ್ಲಿ 'ಅಸ್ತಮಾ' ಎಂಬ ಹೆಸರನ್ನು ಕೇಳಲು ಅನೇಕ ಕುಟುಂಬಗಳು ಹಿಂಜರಿಯುತ್ತವೆ. ಆದ್ದರಿಂದ ಇದನ್ನು 'ಅಲರ್ಜಿ ಕೆಮ್ಮು', 'ಕಫ ಕಟ್ಟುವುದು', 'ಅಲರ್ಜಿಕ್ ಬ್ರಾಂಕೈಟಿಸ್' ಮುಂತಾದ ಹೆಸರುಗಳಿಂದ ಕರೆಯುವ ರೂಢಿಯಿದೆ. ಹೆಸರು ಬದಲಾದಾಗ ಚಿಕಿತ್ಸೆಯೂ ದಾರಿ ತಪ್ಪುವುದುಂಟು; ಕೆಮ್ಮಿನ ಸಿರಪ್ ಮತ್ತು ಆ್ಯಂಟಿಬಯೋಟಿಕ್‌ಗಳ ಪುನರಾವರ್ತನೆಯಲ್ಲಿ ತಿಂಗಳುಗಳು ಕಳೆದು, ಉರಿಯೂತಕ್ಕೆ ಬೇಕಾದ ಔಷಧ ಮಗುವಿಗೆ ದೊರೆಯದೆ ಹೋಗುತ್ತದೆ.

ಕಾಯಿಲೆಯ ಸ್ವರೂಪ

ಅಸ್ತಮಾ ಇರುವ ಮಗುವಿನ ಶ್ವಾಸನಾಳಗಳಲ್ಲಿ ಮೂರು ಬದಲಾವಣೆಗಳು ಒಟ್ಟಿಗೆ ನಡೆಯುತ್ತವೆ. ಮೊದಲನೆಯದಾಗಿ, ನಾಳದ ಒಳಪದರವು ಉರಿಯೂತದಿಂದ ಊದಿಕೊಳ್ಳುತ್ತದೆ. ಎರಡನೆಯದಾಗಿ, ನಾಳವನ್ನು ಸುತ್ತುವರಿದ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ಮೂರನೆಯದಾಗಿ, ಅಂಟಾದ ಲೋಳೆ ಹೆಚ್ಚಾಗಿ ಸ್ರವಿಸಿ ಗಾಳಿಯ ದಾರಿಯನ್ನು ಮುಚ್ಚುತ್ತದೆ. ಉಸಿರು ಬಿಡುವಾಗ ಶ್ವಾಸನಾಳಗಳು ಸಹಜವಾಗಿಯೇ ಇನ್ನಷ್ಟು ಕಿರಿದಾಗುವುದರಿಂದ ಗಾಳಿ ಒಳಗೆ ಹೋಗುವುದಕ್ಕಿಂತ ಹೊರಬರುವುದು ಕಷ್ಟವಾಗುತ್ತದೆ. ಸಿಳ್ಳೆಯ ಸದ್ದು ಹೆಚ್ಚಾಗಿ ಉಸಿರು ಬಿಡುವಾಗಲೇ ಕೇಳುವುದಕ್ಕೆ ಇದು ಕಾರಣ.

ಮಕ್ಕಳ ಶ್ವಾಸನಾಳಗಳು ವಯಸ್ಕರ ಶ್ವಾಸನಾಳಗಳಿಗಿಂತ ಕಿರಿದಾಗಿರುತ್ತವೆ. ನಾಳವೊಂದರ ತ್ರಿಜ್ಯ ಅರ್ಧಕ್ಕಿಳಿದರೆ ಅದರ ಮೂಲಕ ಗಾಳಿ ಹರಿಯಲು ಎದುರಾಗುವ ಪ್ರತಿರೋಧ ಸುಮಾರು 16 ಪಟ್ಟು ಹೆಚ್ಚುತ್ತದೆ. ಹಾಗಾಗಿ ವಯಸ್ಕರಲ್ಲಿ ಗಮನಕ್ಕೇ ಬಾರದಷ್ಟು ಊತವು ಮಗುವಿನಲ್ಲಿ ತೀವ್ರ ಉಬ್ಬಸಕ್ಕೆ ಕಾರಣವಾಗಬಹುದು.

ಲಕ್ಷಣಗಳು

ಅಸ್ತಮಾವನ್ನು ಗುರುತಿಸಲು ಒಂದೊಂದು ಲಕ್ಷಣಕ್ಕಿಂತ ಲಕ್ಷಣಗಳು ಕಾಣಿಸಿಕೊಳ್ಳುವ ಕ್ರಮ ಹೆಚ್ಚು ನೆರವಾಗುತ್ತದೆ. ಒಂದಕ್ಕಿಂತ ಹೆಚ್ಚು ಲಕ್ಷಣಗಳು ಒಟ್ಟಿಗೆ ಇರುವುದು, ಅವು ದಿನದಿಂದ ದಿನಕ್ಕೆ ಹೆಚ್ಚುಕಡಿಮೆಯಾಗುವುದು, ರಾತ್ರಿ ಅಥವಾ ಬೆಳಗಿನ ಜಾವದಲ್ಲಿ ಉಲ್ಬಣಿಸುವುದು, ನಿರ್ದಿಷ್ಟ ಪ್ರಚೋದಕಗಳಿಂದ ಆರಂಭವಾಗುವುದು ಇವು ಅಸ್ತಮಾದ ಕಡೆಗೆ ಬೆರಳು ತೋರುತ್ತವೆ.

ಶಾಲಾವಯಸ್ಸಿನ ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ ಲಕ್ಷಣಗಳು:

• ನೆಗಡಿ ವಾಸಿಯಾದ ಮೇಲೂ ವಾರಗಟ್ಟಲೆ ಉಳಿಯುವ ಕೆಮ್ಮು. ಪ್ರತಿ ನೆಗಡಿಯೂ 'ಎದೆಗೆ ಇಳಿಯುವುದು'
• ರಾತ್ರಿ ಕೆಮ್ಮಿನಿಂದ ಎಚ್ಚರಗೊಳ್ಳುವುದು
• ಓಡಿದಾಗ, ನಕ್ಕಾಗ ಅಥವಾ ಅತ್ತಾಗ ಕೆಮ್ಮು ಇಲ್ಲವೇ ಸಿಳ್ಳೆಯ ಸದ್ದು ಬರುವುದು
• ಎದೆ ಹಿಡಿದಂತಾಗಿದೆ ಎಂಬ ದೂರು. ಸಣ್ಣ ಮಕ್ಕಳು ಇದನ್ನೇ 'ಎದೆ ನೋವು' ಅಥವಾ 'ಹೊಟ್ಟೆ ನೋವು' ಎಂದು ಹೇಳಬಹುದು
• ಜೊತೆಯ ಮಕ್ಕಳಿಗಿಂತ ಬೇಗ ದಣಿಯುವುದು

ಕೊನೆಯ ಲಕ್ಷಣವು ಬಹಳ ಸುಲಭವಾಗಿ ಕಣ್ತಪ್ಪುತ್ತದೆ. ಓಡಿದರೆ ಉಸಿರು ಕಟ್ಟುತ್ತದೆ ಎಂದು ಅರಿತ ಮಗು ಓಡುವುದನ್ನೇ ಬಿಟ್ಟು, ಆಟದ ಅವಧಿಯಲ್ಲಿ ಕುಳಿತಿರಲು ಆರಂಭಿಸಬಹುದು. ಅದನ್ನು ಮಗುವಿನ ಸ್ವಭಾವವೆಂದು ಮನೆಯವರು ತಿಳಿದರೆ ಕಾಯಿಲೆ ವರ್ಷಗಟ್ಟಲೆ ಗುರುತಿಲ್ಲದೆ ಉಳಿಯುತ್ತದೆ.

ಹಸುಗೂಸುಗಳು ತಮ್ಮ ಕಷ್ಟವನ್ನು ಹೇಳಲಾರವು. ವೇಗವಾದ ಉಸಿರಾಟ, ಹಾಲು ಕುಡಿಯುವಾಗ ನಡುನಡುವೆ ನಿಲ್ಲಿಸುವುದು, ಪಕ್ಕೆಲುಬುಗಳ ನಡುವಿನ ಭಾಗ ಒಳಕ್ಕೆ ಸೆಳೆದುಕೊಳ್ಳುವುದು, ಮೂಗಿನ ಹೊಳ್ಳೆಗಳು ಅರಳುವುದು, ಉಸಿರಿನೊಂದಿಗೆ ತಲೆ ಅಲುಗುವುದು ಇವು ಉಸಿರಾಟದ ತೊಂದರೆಯ ಚಿಹ್ನೆಗಳು. ಈ ವಯಸ್ಸಿನಲ್ಲಿ ಇವು ಅಸ್ತಮಾಕ್ಕಿಂತ ನ್ಯುಮೋನಿಯಾ ಅಥವಾ ಬ್ರಾಂಕಿಯೋಲೈಟಿಸ್‌ನಿಂದ ಬಂದಿರುವ ಸಾಧ್ಯತೆ ಇರುವುದರಿಂದ ತಡಮಾಡದೆ ವೈದ್ಯರಿಗೆ ತೋರಿಸಬೇಕಾಗುತ್ತದೆ.

ಕಾರಣಗಳು

ಅಸ್ತಮಾಕ್ಕೆ ಒಂದೇ ಕಾರಣವಿಲ್ಲ. ಅನುವಂಶಿಕತೆ ಮತ್ತು ಪರಿಸರ ಎರಡೂ ಸೇರಿ ಇದನ್ನು ರೂಪಿಸುತ್ತವೆ. ತಂದೆ ಅಥವಾ ತಾಯಿಗೆ ಅಸ್ತಮಾ ಇರುವುದು, ಮಗುವಿಗೆ ಇಸುಬು ಅಥವಾ ಅಲರ್ಜಿಯ ನೆಗಡಿ ಇರುವುದು, ಅವಧಿಗೆ ಮುನ್ನ ಅಥವಾ ಕಡಿಮೆ ತೂಕದಲ್ಲಿ ಜನಿಸಿರುವುದು, ಗರ್ಭಿಣಿಯಾಗಿದ್ದಾಗ ತಾಯಿ ತಂಬಾಕಿನ ಹೊಗೆಗೆ ಒಡ್ಡಿಕೊಂಡಿರುವುದು ಇವು ಅಪಾಯವನ್ನು ಹೆಚ್ಚಿಸುವ ಅಂಶಗಳು. ಅಸ್ತಮಾ ಅಂಟುರೋಗವಲ್ಲ, ಜೊತೆಯಲ್ಲಿ ಆಡುವುದರಿಂದಾಗಲಿ, ಊಟ ಹಂಚಿಕೊಳ್ಳುವುದರಿಂದಾಗಲಿ ಹರಡುವುದಿಲ್ಲ.

ಪ್ರಚೋದಕಗಳು

ಈಗಾಗಲೇ ಕಾಯಿಲೆ ಇರುವ ಮಗುವಿನಲ್ಲಿ ಉಬ್ಬಸವನ್ನು ಕೆರಳಿಸುವ ಅಂಶಗಳನ್ನು ಪ್ರಚೋದಕಗಳೆನ್ನುತ್ತಾರೆ. ಇವು ಮಗುವಿನಿಂದ ಮಗುವಿಗೆ ಬೇರೆಯಾಗಿರುತ್ತವೆ.

ವೈರಾಣು ಸೋಂಕು: ಮಕ್ಕಳಲ್ಲಿ ಉಬ್ಬಸ ಉಲ್ಬಣಿಸಲು ಅತಿ ಸಾಮಾನ್ಯ ಕಾರಣ ನೆಗಡಿ. ಇದನ್ನು ಉಂಟುಮಾಡುವ ವೈರಾಣುಗಳಲ್ಲಿ ರೈನೋವೈರಸ್ ಮುಖ್ಯವಾದುದು. ಆ್ಯಂಟಿಬಯೋಟಿಕ್‌ಗಳು ವೈರಾಣುಗಳ ಮೇಲೆ ಕೆಲಸ ಮಾಡುವುದಿಲ್ಲ.

ಹೊಗೆ: ಬೀಡಿ ಮತ್ತು ಸಿಗರೇಟು, ಸೌದೆ ಒಲೆ, ಸೊಳ್ಳೆ ಬತ್ತಿ, ಊದುಬತ್ತಿ, ಕಸ ಸುಡುವುದು, ದೀಪಾವಳಿಯ ಪಟಾಕಿ ಇವೆಲ್ಲವೂ ಶ್ವಾಸನಾಳಗಳನ್ನು ಕೆರಳಿಸುತ್ತವೆ. ಸ್ನಾನದ ನಂತರ ಕೂಸಿಗೆ ಸಾಂಬ್ರಾಣಿ ಅಥವಾ ಲೋಬಾನದ ಹೊಗೆ ಹಾಕುವ ಪದ್ಧತಿ ಕರ್ನಾಟಕದ ಅನೇಕ ಮನೆಗಳಲ್ಲಿದೆ. ಕೂದಲು ಒಣಗಲೆಂದೂ ಶೀತವಾಗದಿರಲೆಂದೂ ಮಾಡುವ ಈ ಆರೈಕೆಯೇ ಉಬ್ಬಸದ ಪ್ರವೃತ್ತಿಯಿರುವ ಕೂಸಿಗೆ ತೊಂದರೆಯಾಗಬಹುದು.

ಧೂಳು ಮತ್ತು ಅಲರ್ಜಿಕಾರಕಗಳು: ಹಾಸಿಗೆ, ದಿಂಬುಗಳಲ್ಲಿ ಬದುಕುವ ಬರಿಗಣ್ಣಿಗೆ ಕಾಣದ ಧೂಳಿನ ನುಸಿಗಳು, ಜಿರಲೆ, ಗೋಡೆಯ ಬೂಷ್ಟು, ಸಾಕುಪ್ರಾಣಿಗಳ ಚರ್ಮದ ಹೊಟ್ಟು ಮತ್ತು ಪರಾಗ ಇವುಗಳಲ್ಲಿ ಮುಖ್ಯವಾದವು. ಕರ್ನಾಟಕದಲ್ಲಿ 'ಕಾಂಗ್ರೆಸ್ ಗಿಡ'ವೆಂದು ಪರಿಚಿತವಾದ ಪಾರ್ಥೇನಿಯಂ ಕಳೆಯ ಪರಾಗವು ಅಲರ್ಜಿಗೆ ಕಾರಣವಾಗುತ್ತದೆ. ಸುಗ್ಗಿಯ ಕಾಲದ ಒಕ್ಕಣೆಯ ಧೂಳೂ ಹಳ್ಳಿಯ ಮಕ್ಕಳಲ್ಲಿ ಉಬ್ಬಸವನ್ನು ಕೆರಳಿಸಬಹುದು.

ವಾಯುಮಾಲಿನ್ಯ: ಲಂಡನ್ನಿನ ವಾಹನದಟ್ಟಣೆಯ ರಸ್ತೆಯೊಂದರ ಬಳಿ ವಾಸಿಸುತ್ತಿದ್ದ, ತೀವ್ರ ಅಸ್ತಮಾ ಇದ್ದ 9 ವರ್ಷದ ಎಲ್ಲಾ ಅಡೂ-ಕಿಸ್ಸಿ-ಡೆಬ್ರಾ ಎಂಬ ಬಾಲಕಿ 2013ರ ಫೆಬ್ರುವರಿಯಲ್ಲಿ ಮೃತಪಟ್ಟಳು. ಆಕೆಯ ಸಾವಿಗೆ ವಾಯುಮಾಲಿನ್ಯವೂ ಕಾರಣವಾಗಿತ್ತೆಂದು 2020ರ ಡಿಸೆಂಬರ್‌ನಲ್ಲಿ ಮರಣ ವಿಚಾರಣಾಧಿಕಾರಿ ತೀರ್ಮಾನಿಸಿದರು. ಬ್ರಿಟನ್ನಿನಲ್ಲಿ ವ್ಯಕ್ತಿಯೊಬ್ಬರ ಸಾವಿನ ಕಾರಣಗಳಲ್ಲಿ ವಾಯುಮಾಲಿನ್ಯವನ್ನು ದಾಖಲಿಸಿದ್ದು ಅದೇ ಮೊದಲು.

ಇತರ ಪ್ರಚೋದಕಗಳು: ವ್ಯಾಯಾಮ, ತಣ್ಣನೆಯ ಒಣ ಗಾಳಿ, ಹವಾಮಾನದ ಬದಲಾವಣೆ, ತೀವ್ರ ಅಳು ಅಥವಾ ನಗು.

ರೋಗನಿರ್ಣಯ

ಸುಮಾರು 5–6 ವರ್ಷ ದಾಟಿದ ಮಕ್ಕಳಲ್ಲಿ ಸ್ಪೈರೋಮೆಟ್ರಿ ಎಂಬ ಪರೀಕ್ಷೆಯಿಂದ ಶ್ವಾಸಕೋಶದ ಕಾರ್ಯವನ್ನು ಅಳೆಯಲಾಗುತ್ತದೆ. ಮಗು ಬಲವಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿಯ ಪ್ರಮಾಣವನ್ನು ಅಳೆದು, ಶ್ವಾಸನಾಳಗಳನ್ನು ಸಡಿಲಿಸುವ ಔಷಧವನ್ನು ಕೊಟ್ಟ ನಂತರ ಮತ್ತೊಮ್ಮೆ ಅಳೆಯುತ್ತಾರೆ. ಗಣನೀಯ ಸುಧಾರಣೆ (ಸಾಮಾನ್ಯವಾಗಿ ಶೇ. 12 ಅಥವಾ ಹೆಚ್ಚು) ಕಂಡುಬಂದರೆ ಅದು ಅಸ್ತಮಾವನ್ನು ಬೆಂಬಲಿಸುತ್ತದೆ. ಪರೀಕ್ಷೆಯ ದಿನ ಮಗು ಆರೋಗ್ಯವಾಗಿದ್ದರೆ ಫಲಿತಾಂಶ ಸಹಜವಾಗಿಯೇ ಇರಬಹುದು. ಅಷ್ಟರಿಂದ ಅಸ್ತಮಾ ಇಲ್ಲವೆಂದು ಹೇಳಲಾಗದು. ಪೀಕ್ ಫ್ಲೋ ಮೀಟರ್ ಎಂಬ ಸಣ್ಣ ಉಪಕರಣದಿಂದ ಮನೆಯಲ್ಲಿಯೇ ದಿನನಿತ್ಯದ ಏರಿಳಿತಗಳನ್ನು ದಾಖಲಿಸಿಕೊಳ್ಳಬಹುದು. ಎದೆಯ ಎಕ್ಸ್-ರೇ ಅಸ್ತಮಾವನ್ನು ತೋರಿಸುವುದಿಲ್ಲ. ಬೇರೆ ಕಾಯಿಲೆಗಳನ್ನು ತಳ್ಳಿಹಾಕಲು ಮಾತ್ರ ನೆರವಾಗುತ್ತದೆ.

5 ವರ್ಷದೊಳಗಿನ ಮಕ್ಕಳು

ಈ ವಯಸ್ಸಿನ ಮಕ್ಕಳಲ್ಲಿ ಊದುವ ಪರೀಕ್ಷೆಗಳು ಕಷ್ಟ. ಅಲ್ಲದೆ ನೆಗಡಿಯಾದಾಗ ಸಿಳ್ಳೆಯ ಸದ್ದು ಬರುವ ಎಲ್ಲ ಮಕ್ಕಳಿಗೂ ಮುಂದೆ ಅಸ್ತಮಾ ಬರುವುದಿಲ್ಲ. ಅಮೆರಿಕದ ಅರಿಝೋನಾ ರಾಜ್ಯದ ಟೂಸಾನ್ ನಗರದಲ್ಲಿ 1980ರಿಂದ ಆರಂಭಿಸಿ ನವಜಾತ ಶಿಶುಗಳನ್ನು ವರ್ಷಗಟ್ಟಲೆ ಅನುಸರಿಸಿದ ಅಧ್ಯಯನದ ಫಲಿತಾಂಶಗಳು 1995ರಲ್ಲಿ ಪ್ರಕಟವಾದವು. ಅದರಂತೆ 6 ವರ್ಷ ತುಂಬುವುದರೊಳಗೆ ಸುಮಾರು ಅರ್ಧದಷ್ಟು ಮಕ್ಕಳಿಗೆ ಒಮ್ಮೆಯಾದರೂ ಉಬ್ಬಸ ಬಂದಿತ್ತು. ಒಟ್ಟು ಮಕ್ಕಳ ಪೈಕಿ ಸುಮಾರು ಶೇ. 20ರಷ್ಟು ಮಕ್ಕಳಲ್ಲಿ ಅದು ಮೊದಲ 3 ವರ್ಷಗಳಲ್ಲಿ ಕಾಣಿಸಿಕೊಂಡು 6ನೇ ವಯಸ್ಸಿನ ಹೊತ್ತಿಗೆ ನಿಂತುಹೋಗಿತ್ತು, ಸುಮಾರು ಶೇ. 14ರಷ್ಟು ಮಕ್ಕಳಲ್ಲಿ ಮುಂದುವರಿದಿತ್ತು, ಶೇ. 15ರಷ್ಟು ಮಕ್ಕಳಲ್ಲಿ 3 ವರ್ಷದ ನಂತರ ಆರಂಭವಾಗಿತ್ತು.

ಹೀಗಾಗಿ ಚಿಕ್ಕ ಮಕ್ಕಳಲ್ಲಿ ಉಬ್ಬಸವು ಎಷ್ಟು ಬಾರಿ ಮತ್ತು ಎಷ್ಟು ತೀವ್ರವಾಗಿ ಬರುತ್ತದೆ, ನೆಗಡಿ ಇಲ್ಲದಿರುವಾಗಲೂ ಬರುತ್ತದೆಯೇ, ಇಸುಬು ಅಥವಾ ಅಲರ್ಜಿ ಇದೆಯೇ, ಹೆತ್ತವರಿಗೆ ಅಸ್ತಮಾ ಇದೆಯೇ, ನಿಯಂತ್ರಕ ಔಷಧವನ್ನು 2–3 ತಿಂಗಳು ಕೊಟ್ಟಾಗ ಸುಧಾರಣೆ ಕಾಣುತ್ತದೆಯೇ ಎಂಬುದನ್ನು ಆಧರಿಸಿ ವೈದ್ಯರು ನಿರ್ಧಾರಕ್ಕೆ ಬರುತ್ತಾರೆ. ಉಬ್ಬಸದ ಸಮಯದಲ್ಲಿ ಮಗುವಿನ ಎದೆ ಮತ್ತು ಉಸಿರಾಟದ ಸದ್ದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ವೈದ್ಯರಿಗೆ ತೋರಿಸುವುದು ಇದಕ್ಕೆ ಬಹಳ ಸಹಾಯಕ.

ಅಸ್ತಮಾವನ್ನು ಹೋಲುವ ಇತರ ತೊಂದರೆಗಳು

• ಹಿಂದೆಂದೂ ಉಬ್ಬಸವಿರದ ಮಗುವಿನಲ್ಲಿ ಹಠಾತ್ತನೆ ಆರಂಭವಾದ ಕೆಮ್ಮು, ಉಸಿರುಗಟ್ಟುವಿಕೆ: ಕಡಲೆಕಾಯಿ ಬೀಜ, ಹುಣಸೆ ಬೀಜ, ಆಟಿಕೆಯ ಚೂರು ಮುಂತಾದವು ಶ್ವಾಸನಾಳದಲ್ಲಿ ಸಿಕ್ಕಿಕೊಂಡಿರಬಹುದು. ಇದು ತುರ್ತು ಪರಿಸ್ಥಿತಿ.
• ಎರಡು ವಾರ ಮೀರಿದ ಕೆಮ್ಮಿನೊಂದಿಗೆ ಜ್ವರ, ತೂಕ ಇಳಿಕೆ, ಮನೆಯಲ್ಲಿ ಕ್ಷಯರೋಗಿ ಇರುವುದು: ಕ್ಷಯರೋಗದ ತಪಾಸಣೆ ಅಗತ್ಯ.
• ಹುಟ್ಟಿದಂದಿನಿಂದಲೇ ಇರುವ ಸದ್ದಿನ ಉಸಿರಾಟ, ಬೆಳವಣಿಗೆ ಕುಂಠಿತವಾಗಿರುವುದು, ಬೆರಳ ತುದಿ ಉಬ್ಬಿರುವುದು: ಹೃದಯ ಅಥವಾ ಶ್ವಾಸಕೋಶದ ಬೇರೆ ಕಾಯಿಲೆಗಳ ಸೂಚನೆ.

ಚಿಕಿತ್ಸೆ

ಅಸ್ತಮಾದ ಔಷಧಗಳಲ್ಲಿ ಮುಖ್ಯವಾಗಿ ಎರಡು ವಿಧಗಳಿವೆ. ಇವುಗಳ ವ್ಯತ್ಯಾಸವನ್ನು ಹೆತ್ತವರು ಅರಿತಿರುವುದು ಅತ್ಯವಶ್ಯ.

ಶಮನಕಾರಿ ಔಷಧಗಳು: ಸಾಲ್ಬುಟಮಾಲ್ ಇವುಗಳಲ್ಲಿ ಪ್ರಮುಖವಾದುದು. ಬಿಗಿದ ಸ್ನಾಯುಗಳನ್ನು ಇದು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ. ಪರಿಣಾಮ ಸುಮಾರು 4–6 ಗಂಟೆ ಉಳಿಯುತ್ತದೆ. ಉರಿಯೂತದ ಮೇಲೆ ಇದಕ್ಕೆ ಯಾವ ಪರಿಣಾಮವೂ ಇಲ್ಲ.

ನಿಯಂತ್ರಕ ಔಷಧಗಳು: ಬ್ಯುಡೆಸೊನೈಡ್, ಬೆಕ್ಲೊಮೆಥಸೋನ್, ಫ್ಲುಟಿಕಸೋನ್ ಮುಂತಾದ, ಉಸಿರಿನ ಮೂಲಕ ತೆಗೆದುಕೊಳ್ಳುವ ಸ್ಟೀರಾಯ್ಡ್‌ಗಳು. ಇವು ಉರಿಯೂತವನ್ನು ತಗ್ಗಿಸಿ ಮುಂದಿನ ಉಬ್ಬಸವನ್ನು ತಡೆಯುತ್ತವೆ. ಪರಿಣಾಮ ಕಾಣಲು ದಿನಗಳಿಂದ ವಾರಗಳೇ ಬೇಕಾಗುತ್ತವೆ.

ಶಮನಕಾರಿಯಿಂದ ಮಗುವಿಗೆ ತಕ್ಷಣ ನೆಮ್ಮದಿ ಸಿಗುವುದರಿಂದ ಅದೇ 'ಒಳ್ಳೆಯ ಔಷಧ'ವೆಂದೂ, ನಿಯಂತ್ರಕದಿಂದ ಕೂಡಲೇ ಏನೂ ಕಾಣದಿರುವುದರಿಂದ ಅದು ಅನಗತ್ಯವೆಂದೂ ತೋರುವುದು ಸಹಜ. ಆದರೆ ಕಾಯಿಲೆಯನ್ನು ಹಿಡಿತದಲ್ಲಿಡುವುದು ನಿಯಂತ್ರಕವೇ. ಶಮನಕಾರಿಯ ಬಳಕೆ ಹೆಚ್ಚುತ್ತಿದ್ದರೆ ಕಾಯಿಲೆ ಹತೋಟಿ ತಪ್ಪುತ್ತಿದೆ ಎಂದೇ ತಿಳಿಯಬೇಕು. ಬ್ರಿಟನ್ನಿನಲ್ಲಿ 195 ಅಸ್ತಮಾ ಸಾವುಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ವರದಿಯು, ಮೃತರಲ್ಲಿ ಅನೇಕರು ಶಮನಕಾರಿಯನ್ನು ಅತಿಯಾಗಿಯೂ ನಿಯಂತ್ರಕವನ್ನು ತೀರ ಕಡಿಮೆಯಾಗಿಯೂ ಪಡೆದಿದ್ದರೆಂದು ತೋರಿಸಿತು. ಅವರಲ್ಲಿ ಸುಮಾರು ಶೇ. 45ರಷ್ಟು ಜನರು ವೈದ್ಯಕೀಯ ನೆರವನ್ನು ಕೋರುವ ಅಥವಾ ಅದು ದೊರೆಯುವ ಮೊದಲೇ ಮೃತಪಟ್ಟಿದ್ದರು. ಅಸ್ತಮಾ ಕುರಿತ ಜಾಗತಿಕ ಮಾರ್ಗಸೂಚಿಗಳನ್ನು ರೂಪಿಸುವ 'ಗಿನಾ' ಸಂಸ್ಥೆಯು 2019ರಲ್ಲಿ, 12 ವರ್ಷ ಮತ್ತು ಮೇಲ್ಪಟ್ಟವರಿಗೆ ಸಾಲ್ಬುಟಮಾಲ್‌ನಂತಹ ಔಷಧವನ್ನು ಮಾತ್ರವೇ ಕೊಟ್ಟು ಚಿಕಿತ್ಸೆ ಮಾಡಬಾರದೆಂದು ಸಲಹೆ ನೀಡಿತು. 6–11 ವರ್ಷದ ಮಕ್ಕಳಿಗೂ ಕಾಯಿಲೆಯ ತೀವ್ರತೆಗೆ ಅನುಗುಣವಾಗಿ ಪ್ರತಿದಿನ, ಅಥವಾ ಶಮನಕಾರಿಯನ್ನು ಬಳಸಿದಾಗಲೆಲ್ಲ, ಅದರೊಂದಿಗೆ ಸ್ಟೀರಾಯ್ಡ್ ಇನ್‌ಹೇಲರ್ ಇರಬೇಕೆಂಬುದು ಈಗಿನ ಸಲಹೆ.

ಇಷ್ಟರಿಂದ ಹತೋಟಿ ಸಿಗದಿದ್ದರೆ ಫಾರ್ಮೊಟೆರಾಲ್‌ನಂತಹ ದೀರ್ಘಾವಧಿಯ ಔಷಧವನ್ನು ಸ್ಟೀರಾಯ್ಡ್‌ನೊಂದಿಗೆ ಸೇರಿಸಲಾಗುತ್ತದೆ. ಅದನ್ನು ಒಂಟಿಯಾಗಿ ಕೊಡುವಂತಿಲ್ಲ. ಮಾಂಟೆಲುಕಾಸ್ಟ್ ಎಂಬ ಮಾತ್ರೆಯು ಕೆಲವು ಮಕ್ಕಳಿಗೆ ನೆರವಾಗುತ್ತದೆ. ಆದರೆ ದುಃಸ್ವಪ್ನ, ಸಿಡುಕು, ಖಿನ್ನತೆಯಂತಹ ಮಾನಸಿಕ ಅಡ್ಡಪರಿಣಾಮಗಳ ಕುರಿತು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2020ರಲ್ಲಿ ಅದಕ್ಕೆ ಅತ್ಯುನ್ನತ ಮಟ್ಟದ ಎಚ್ಚರಿಕೆಯನ್ನು ಸೇರಿಸಿದೆ.

ಇನ್‌ಹೇಲರ್ ಮತ್ತು ಸ್ಪೇಸರ್

ಇನ್‌ಹೇಲರ್ ಮೂಲಕ ಔಷಧವು ನೇರವಾಗಿ ಶ್ವಾಸನಾಳಗಳನ್ನು ತಲುಪುವುದರಿಂದ ಮೈಕ್ರೊಗ್ರಾಂಗಳಷ್ಟು ಅಲ್ಪ ಪ್ರಮಾಣವೇ ಸಾಕಾಗುತ್ತದೆ. ಸಾಲ್ಬುಟಮಾಲ್ ಸಿರಪ್‌ನಲ್ಲಿ ಹಲವು ಪಟ್ಟು ಹೆಚ್ಚು ಔಷಧ ದೇಹಕ್ಕೆ ಹೋಗುತ್ತದೆ. ಅದರ ಪರಿಣಾಮ ನಿಧಾನ, ಕೈನಡುಕ ಮತ್ತು ಎದೆಬಡಿತ ಹೆಚ್ಚು.

ಇನ್‌ಹೇಲರ್ ಒತ್ತುವುದನ್ನೂ ಉಸಿರೆಳೆಯುವುದನ್ನೂ ಮಕ್ಕಳು ಒಟ್ಟಿಗೆ ಮಾಡಲಾರರು. ಆದ್ದರಿಂದ ಸ್ಪೇಸರ್ ಎಂಬ ಟೊಳ್ಳು ಕೊಳವೆಯನ್ನು ಜೋಡಿಸಲಾಗುತ್ತದೆ. 4 ವರ್ಷದೊಳಗಿನ ಮಕ್ಕಳಿಗೆ ಮುಖಕ್ಕೆ ಹೊಂದುವ ಮಾಸ್ಕ್ ಇರುವ ಸ್ಪೇಸರ್, ದೊಡ್ಡ ಮಕ್ಕಳಿಗೆ ಬಾಯಲ್ಲಿಡುವ ಸ್ಪೇಸರ್ ಸೂಕ್ತ. ಬಳಸುವ ಕ್ರಮ:

1. ಇನ್‌ಹೇಲರ್‌ನ ಮುಚ್ಚಳ ತೆಗೆದು, ಚೆನ್ನಾಗಿ ಅಲ್ಲಾಡಿಸಿ ಸ್ಪೇಸರ್‌ಗೆ ಜೋಡಿಸಬೇಕು.
2. ಮಗುವನ್ನು ನೆಟ್ಟಗೆ ಕೂರಿಸಿ, ಮಾಸ್ಕ್ ಮೂಗು ಬಾಯಿಗಳನ್ನು ಸಂಪೂರ್ಣ ಮುಚ್ಚುವಂತೆ, ಅಥವಾ ತುಟಿಗಳು ಕೊಳವೆಯನ್ನು ಬಿಗಿಯಾಗಿ ಹಿಡಿಯುವಂತೆ ಇಡಬೇಕು.
3. ಒಮ್ಮೆ ಮಾತ್ರ ಒತ್ತಿ, ಮಗು 5–6 ಬಾರಿ ಸಹಜವಾಗಿ ಉಸಿರಾಡುವವರೆಗೆ ಹಿಡಿದಿರಬೇಕು.
4. ಇನ್ನೊಂದು ಪಫ್ ಬೇಕಿದ್ದರೆ ಮತ್ತೆ ಅಲ್ಲಾಡಿಸಿ ಇದೇ ಕ್ರಮವನ್ನು ಅನುಸರಿಸಬೇಕು. ಎರಡು ಪಫ್‌ಗಳನ್ನು ಒಟ್ಟಿಗೆ ಒತ್ತಬಾರದು.
5. ಸ್ಟೀರಾಯ್ಡ್ ಇನ್‌ಹೇಲರ್ ಬಳಸಿದ ನಂತರ ಬಾಯಿ ಮುಕ್ಕಳಿಸಿ ಉಗುಳಿಸಬೇಕು. ಮಾಸ್ಕ್ ಬಳಸಿದ್ದರೆ ಮುಖವನ್ನೂ ಒರೆಸಬೇಕು.

ಪ್ಲಾಸ್ಟಿಕ್ ಸ್ಪೇಸರನ್ನು ಸಾಬೂನು ದ್ರಾವಣದಲ್ಲಿ ತೊಳೆದು, ಬಟ್ಟೆಯಿಂದ ಉಜ್ಜದೆ ಗಾಳಿಯಲ್ಲಿ ಒಣಗಲು ಬಿಡಬೇಕು. ಉಜ್ಜಿದರೆ ಉಂಟಾಗುವ ಸ್ಥಿರವಿದ್ಯುತ್ತಿನಿಂದ ಔಷಧವು ಒಳಗೋಡೆಗೆ ಅಂಟಿಕೊಳ್ಳುತ್ತದೆ. ಸ್ಪೇಸರ್ ಸಿಗದ ಕಡೆ 500 ಮಿಲಿಲೀಟರಿನ ಪ್ಲಾಸ್ಟಿಕ್ ನೀರಿನ ಬಾಟಲಿಯ ತಳದಲ್ಲಿ ಇನ್‌ಹೇಲರ್ ಹೊಂದುವಷ್ಟು ರಂಧ್ರ ಮಾಡಿ, ಸಂದುಗಳನ್ನು ಮುಚ್ಚಿ ಬಳಸಬಹುದು. ಇಂತಹ ಬಾಟಲಿಯು ಮಾರುಕಟ್ಟೆಯ ಸ್ಪೇಸರ್‌ನಷ್ಟೇ ಪರಿಣಾಮಕಾರಿ ಎಂದು ದಕ್ಷಿಣ ಆಫ್ರಿಕದಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿದೆ. ಸೌಮ್ಯ ಮತ್ತು ಮಧ್ಯಮ ಉಬ್ಬಸದಲ್ಲಿ ಸ್ಪೇಸರ್ ಮೂಲಕ ಕೊಟ್ಟ ಔಷಧವು ನೆಬ್ಯುಲೈಸರ್‌ಗೆ ಸಮನಾಗಿ ಕೆಲಸ ಮಾಡುತ್ತದೆ.

ಅಡ್ಡಪರಿಣಾಮಗಳು

ಸ್ಟೀರಾಯ್ಡ್ ಎಂಬ ಹೆಸರು ಹೆತ್ತವರಲ್ಲಿ ಭಯ ಹುಟ್ಟಿಸುವುದುಂಟು. ಉಸಿರಿನ ಮೂಲಕ ಕೊಡುವ ಅಲ್ಪ ಪ್ರಮಾಣಕ್ಕೂ, ಮಾತ್ರೆಯ ರೂಪದಲ್ಲಿ ದೀರ್ಘಕಾಲ ಕೊಡುವ ಪ್ರಮಾಣಕ್ಕೂ ಬಹಳ ಅಂತರವಿದೆ. ಬಾಯಿಯಲ್ಲಿ ಶಿಲೀಂಧ್ರದ ಬಿಳಿ ಪದರ ಮತ್ತು ಧ್ವನಿ ಒರಟಾಗುವುದು ಇನ್‌ಹೇಲರ್‌ನ ಸಾಮಾನ್ಯ ತೊಂದರೆಗಳು. ಬೆಳವಣಿಗೆಯ ಮೇಲೂ ಸಣ್ಣ ಪರಿಣಾಮವಿದೆ: ಅಮೆರಿಕದಲ್ಲಿ ಬಾಲ್ಯದಲ್ಲಿ ಹಲವು ವರ್ಷ ಬ್ಯುಡೆಸೊನೈಡ್ ಪಡೆದ ಮಕ್ಕಳನ್ನು ಅನುಸರಿಸಿದ ಅಧ್ಯಯನದಲ್ಲಿ (2012) ಅವರ ವಯಸ್ಕ ಎತ್ತರವು ಔಷಧ ಪಡೆಯದವರಿಗಿಂತ ಸರಾಸರಿ 1.2 ಸೆಂ.ಮೀ. ಕಡಿಮೆಯಿತ್ತು. ಹತೋಟಿಯಿಲ್ಲದ ಅಸ್ತಮಾದ ಅಪಾಯ ಇದಕ್ಕಿಂತ ಬಹಳ ದೊಡ್ಡದು. ಆದರೂ ಪರಿಣಾಮ ನೀಡುವ ಅತಿ ಕಡಿಮೆ ಪ್ರಮಾಣವನ್ನೇ ಬಳಸುವುದು ಮತ್ತು ಮಗುವಿನ ಎತ್ತರವನ್ನು ನಿಯಮಿತವಾಗಿ ಅಳೆಯುವುದು ಚಿಕಿತ್ಸೆಯ ಭಾಗವಾಗಿದೆ.

ತೀವ್ರ ಉಬ್ಬಸ

ಉಬ್ಬಸ ಆರಂಭವಾದಾಗ ಮಗುವನ್ನು ಮಲಗಿಸದೆ ನೆಟ್ಟಗೆ ಕೂರಿಸಿ, ಬಿಗಿಯಾದ ಬಟ್ಟೆಗಳನ್ನು ಸಡಿಲಿಸಿ, ಮನೆಯವರು ಗಾಬರಿಗೊಳ್ಳದೆ ಶಮನಕಾರಿ ಇನ್‌ಹೇಲರನ್ನು ಸ್ಪೇಸರ್ ಮೂಲಕ ಕೊಡಬೇಕು. ಪ್ರತಿ ಮಗುವಿಗೂ ವೈದ್ಯರು ಬರೆದುಕೊಟ್ಟ ಪ್ರಮಾಣವೇ ಅಂತಿಮ. 5 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳ ಬಗ್ಗೆ ಗಿನಾ ಮಾರ್ಗಸೂಚಿಯು, 100 ಮೈಕ್ರೊಗ್ರಾಂನ ಸಾಲ್ಬುಟಮಾಲ್ ಪಫ್‌ಗಳನ್ನು ಒಂದಾದ ನಂತರ ಒಂದರಂತೆ ಎರಡು ಕೊಟ್ಟು, ಅಗತ್ಯವಿದ್ದರೆ 20 ನಿಮಿಷಗಳ ಅಂತರದಲ್ಲಿ ಇನ್ನೆರಡು ಬಾರಿ ಪುನರಾವರ್ತಿಸಬಹುದೆಂದು ಹೇಳುತ್ತದೆ. ಮೊದಲ ಎರಡು ಗಂಟೆಗಳಲ್ಲಿ ಆರಕ್ಕಿಂತ ಹೆಚ್ಚು ಪಫ್‌ಗಳು ಬೇಕಾದರೆ ಅಂದೇ ವೈದ್ಯರನ್ನು ಕಾಣಬೇಕು.

ಕೆಳಗಿನ ಯಾವುದೇ ಒಂದು ಚಿಹ್ನೆ ಕಂಡರೂ ಕಾಯದೆ ಆಸ್ಪತ್ರೆಗೆ ಒಯ್ಯಬೇಕು ಅಥವಾ 108 ಸಂಖ್ಯೆಗೆ ಕರೆ ಮಾಡಬೇಕು:

• ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಹೇಳಲಾಗದಿರುವುದು. ಕೂಸು ಹಾಲು ಕುಡಿಯಲಾಗದಿರುವುದು
• ಪಕ್ಕೆ, ಕುತ್ತಿಗೆಯ ಬುಡ ಒಳಕ್ಕೆ ಸೆಳೆದುಕೊಳ್ಳುವುದು
• ತುಟಿ, ನಾಲಗೆ ನೀಲಿಗಟ್ಟುವುದು ಅಥವಾ ಬೂದುಬಣ್ಣಕ್ಕೆ ತಿರುಗುವುದು
• ಮಂಪರು, ಗೊಂದಲ ಅಥವಾ ತೀವ್ರ ಬಳಲಿಕೆ
• ಶಮನಕಾರಿಯಿಂದ ಬೇಗ ಗುಣ ಕಾಣದಿರುವುದು, ಅಥವಾ ಗುಣ ಕಂಡರೂ ಅದರ ಅವಧಿ ಪ್ರತಿ ಬಾರಿಯೂ ಕಡಿಮೆಯಾಗುತ್ತಿರುವುದು
• ಸಿಳ್ಳೆಯ ಸದ್ದು ನಿಂತರೂ ಮಗು ಇನ್ನೂ ಕಷ್ಟಪಟ್ಟು ಉಸಿರಾಡುತ್ತಿರುವುದು

ಕೊನೆಯ ಚಿಹ್ನೆಯು ಮೋಸಗೊಳಿಸುವಂಥದ್ದು. ಸದ್ದು ಹುಟ್ಟಲು ಗಾಳಿ ಚಲಿಸಬೇಕು. ಶ್ವಾಸನಾಳಗಳು ತೀರ ಮುಚ್ಚಿಕೊಂಡಾಗ ಸದ್ದೂ ಅಡಗುತ್ತದೆ. ಬಳಲಿದ ಮಗುವಿನ 'ಮೌನ ಎದೆ' ಚೇತರಿಕೆಯಲ್ಲ, ಪ್ರಾಣಾಪಾಯದ ಸೂಚನೆ. ಆಸ್ಪತ್ರೆ ತಲುಪುವವರೆಗೂ ಶಮನಕಾರಿಯನ್ನು ಕೊಡುತ್ತಿರಬೇಕು. ಆಸ್ಪತ್ರೆಯಲ್ಲಿ ಆಮ್ಲಜನಕ, ಪದೇ ಪದೇ ಸಾಲ್ಬುಟಮಾಲ್, ಇಪ್ರಾಟ್ರೋಪಿಯಂ ಹಾಗೂ ಸಾಮಾನ್ಯವಾಗಿ 3–5 ದಿನಗಳ ಪ್ರೆಡ್ನಿಸೊಲೋನ್ ಚಿಕಿತ್ಸೆ ನೀಡಲಾಗುತ್ತದೆ.

ನಿತ್ಯ ನಿರ್ವಹಣೆ

ಕಾಯಿಲೆ ಹತೋಟಿಯಲ್ಲಿದೆಯೇ ಎಂಬುದನ್ನು ಕಳೆದ ನಾಲ್ಕು ವಾರಗಳ ಕುರಿತ ನಾಲ್ಕು ಪ್ರಶ್ನೆಗಳಿಂದ ಅಳೆಯುತ್ತಾರೆ. 6 ವರ್ಷ ಮತ್ತು ಮೇಲ್ಪಟ್ಟವರಿಗೆ: ಹಗಲಿನ ಲಕ್ಷಣಗಳು ವಾರದಲ್ಲಿ ಎರಡಕ್ಕಿಂತ ಹೆಚ್ಚು ಬಾರಿ ಬಂದವೇ? ರಾತ್ರಿ ಎಚ್ಚರವಾಯಿತೇ? ಶಮನಕಾರಿ ವಾರದಲ್ಲಿ ಎರಡಕ್ಕಿಂತ ಹೆಚ್ಚು ಬಾರಿ ಬೇಕಾಯಿತೇ? ಆಟಪಾಠಗಳಿಗೆ ಅಡ್ಡಿಯಾಯಿತೇ? ಎಲ್ಲಕ್ಕೂ 'ಇಲ್ಲ' ಎಂಬ ಉತ್ತರವಿದ್ದರೆ ಹತೋಟಿ ಚೆನ್ನಾಗಿದೆ. ಮೂರು ಅಥವಾ ನಾಲ್ಕಕ್ಕೆ 'ಹೌದು' ಎಂದರೆ ಹತೋಟಿ ಇಲ್ಲ. ಔಷಧದ ಪ್ರಮಾಣವನ್ನು ಹೆಚ್ಚಿಸುವ ಮುನ್ನ ಇನ್‌ಹೇಲರ್ ಬಳಸುವ ವಿಧಾನ ಸರಿಯಿದೆಯೇ, ಔಷಧ ನಿಯಮಿತವಾಗಿ ನಡೆಯುತ್ತಿದೆಯೇ ಎಂದು ನೋಡುವುದು ವಾಡಿಕೆ. ಸುಮಾರು 3 ತಿಂಗಳು ಹತೋಟಿ ಸ್ಥಿರವಾಗಿದ್ದರೆ ವೈದ್ಯರು ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ.

ನಿತ್ಯದ ಔಷಧ, ಉಬ್ಬಸದ ಆರಂಭಿಕ ಸೂಚನೆಗಳು, ಆಗ ಕೊಡಬೇಕಾದ ಪ್ರಮಾಣ, ಆಸ್ಪತ್ರೆಗೆ ಹೋಗಬೇಕಾದ ಹಂತ ಇವುಗಳನ್ನು ಒಂದೇ ಹಾಳೆಯಲ್ಲಿ ಬರೆಸಿಕೊಂಡಿರುವುದು ಉಪಯುಕ್ತ. ಪೀಕ್ ಫ್ಲೋ ಮೀಟರ್ ಬಳಸುವವರು ಮಗುವಿನ ಅತ್ಯುತ್ತಮ ಅಳತೆಯ ಶೇ. 80ಕ್ಕಿಂತ ಮೇಲಿನದನ್ನು ಹಸಿರು ವಲಯ, ಶೇ. 50–80ನ್ನು ಹಳದಿ ವಲಯ, ಶೇ. 50ಕ್ಕಿಂತ ಕಡಿಮೆಯದನ್ನು ಕೆಂಪು ವಲಯವೆಂದು ಗುರುತಿಸಿಕೊಳ್ಳುತ್ತಾರೆ. ಈ ಹಾಳೆಯ ಒಂದು ಪ್ರತಿಯೂ ಒಂದು ಶಮನಕಾರಿ ಇನ್‌ಹೇಲರೂ ಶಾಲೆಯಲ್ಲಿರಬೇಕು. ತರಗತಿಯ ಶಿಕ್ಷಕರಿಗೂ ದೈಹಿಕ ಶಿಕ್ಷಣ ಶಿಕ್ಷಕರಿಗೂ ಅದರ ಬಳಕೆ ತಿಳಿದಿರಬೇಕು.

ಮನೆಯಲ್ಲಿ ಯಾರೂ ಧೂಮಪಾನ ಮಾಡದಿರುವುದು, ಅಡುಗೆಮನೆಯ ಹೊಗೆ ಹೊರಹೋಗುವಂತೆ ಮಾಡುವುದು, ಒಣ ಕಸಬರಿಗೆಯ ಬದಲು ಒದ್ದೆ ಬಟ್ಟೆಯಿಂದ ನೆಲ ಒರೆಸುವುದು, ಗುಡಿಸುವಾಗ ಮಗುವನ್ನು ಬೇರೆಡೆ ಇರಿಸುವುದು, ಸೊಳ್ಳೆ ಬತ್ತಿಯ ಬದಲು ಸೊಳ್ಳೆಪರದೆ ಬಳಸುವುದು, ಹಾಸಿಗೆ ವಸ್ತ್ರಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯುವುದು ಹೆಚ್ಚು ಖರ್ಚಿಲ್ಲದ ಕ್ರಮಗಳು. ಇವು ಔಷಧಕ್ಕೆ ಪೂರಕವೇ ಹೊರತು ಪರ್ಯಾಯವಲ್ಲ.

ತಪ್ಪು ಕಲ್ಪನೆಗಳು

'ಇನ್‌ಹೇಲರ್ ಚಟವಾಗುತ್ತದೆ, ಅದು ಕೊನೆಯ ಅಸ್ತ್ರ.' ಇನ್‌ಹೇಲರ್‌ನಲ್ಲಿರುವ ಔಷಧಗಳು ಚಟ ಹಿಡಿಸುವುದಿಲ್ಲ. ಅಸ್ತಮಾ ಚಿಕಿತ್ಸೆಯ ಮೊದಲ ಹಂತವೇ ಇನ್‌ಹೇಲರ್.

'ಬಾಳೆಹಣ್ಣು, ಮೊಸರು, ಕಿತ್ತಳೆ ಕೊಡಬಾರದು.' ಆಹಾರವು ಅಸ್ತಮಾವನ್ನು ಕೆರಳಿಸುವುದು ವಿರಳ. ನಿರ್ದಿಷ್ಟ ಆಹಾರದ ಅಲರ್ಜಿ ದೃಢಪಡದ ಹೊರತು ಹಣ್ಣು, ಹಾಲು, ಮೊಸರುಗಳನ್ನು ನಿಲ್ಲಿಸಿದರೆ ಬೆಳೆಯುವ ಮಗುವಿನ ಪೋಷಣೆಗೆ ಹಾನಿ.

'ಅಸ್ತಮಾ ಇರುವ ಮಗು ಆಡಬಾರದು.' ಹತೋಟಿಯಲ್ಲಿರುವ ಮಗು ಎಲ್ಲರಂತೆ ಆಡಬಹುದು. ದೀರ್ಘಕಾಲ ಮ್ಯಾರಥಾನ್ ವಿಶ್ವದಾಖಲೆ ಹೊಂದಿದ್ದ ಬ್ರಿಟನ್ನಿನ ಪೌಲಾ ರಾಡ್‌ಕ್ಲಿಫ್ ಅವರಿಗೆ ಹದಿಹರೆಯದಿಂದಲೂ ಅಸ್ತಮಾ ಇತ್ತು.

'ಮೀನಿನ ಔಷಧದಿಂದ ಅಸ್ತಮಾ ಗುಣವಾಗುತ್ತದೆ.' ಹೈದರಾಬಾದಿನಲ್ಲಿ ಪ್ರತಿವರ್ಷ ಮೃಗಶಿರಾ ಮಳೆಯ ಆರಂಭದಲ್ಲಿ, ಔಷಧದ ಮುದ್ದೆ ಇಟ್ಟ ಜೀವಂತ ಸಣ್ಣ ಮೀನನ್ನು ನುಂಗಿಸಲಾಗುತ್ತದೆ. ಕರ್ನಾಟಕದಿಂದಲೂ ಜನರು ಅಲ್ಲಿಗೆ ಹೋಗುತ್ತಾರೆ. ಇದರ ಪರಿಣಾಮವು ವೈಜ್ಞಾನಿಕವಾಗಿ ದೃಢಪಟ್ಟಿಲ್ಲ. ಇಂತಹ ಚಿಕಿತ್ಸೆಯನ್ನು ನಂಬಿ ನಿಯಂತ್ರಕ ಔಷಧವನ್ನು ನಿಲ್ಲಿಸುವುದು ಅಪಾಯಕರ.

ಇತಿಹಾಸ

19ನೇ ಶತಮಾನದಲ್ಲಿ ಉಮ್ಮತ್ತಿ ಗಿಡದ ಹೊಗೆ ಸೇದುವುದು ಅಸ್ತಮಾದ ಚಿಕಿತ್ಸೆಯಾಗಿತ್ತು. ಭಾರತದ ಈ ರೂಢಿಯು ಆ ಶತಮಾನದ ಆರಂಭದಲ್ಲಿ ಬ್ರಿಟನ್ನಿಗೆ ತಲುಪಿತು. ಇಂದಿನ ಇಪ್ರಾಟ್ರೋಪಿಯಂ ಆ ಗಿಡದಲ್ಲಿರುವ ರಾಸಾಯನಿಕದ ಬಂಧುವೇ ಆಗಿದೆ. 20ನೇ ಶತಮಾನದ ಮಧ್ಯಭಾಗದವರೆಗೂ ಅಸ್ತಮಾವನ್ನು ಮಾನಸಿಕ ಮೂಲದ ಕಾಯಿಲೆಯೆಂದೂ, ಮಗುವಿನ ಉಬ್ಬಸವು ತಾಯಿಗಾಗಿ ಅಡಗಿಸಿಟ್ಟ ಅಳುವೆಂದೂ ಕೆಲವು ಪಾಶ್ಚಾತ್ಯ ಮನೋವಿಶ್ಲೇಷಕರು ವಿವರಿಸುತ್ತಿದ್ದರು. ಉರಿಯೂತದ ಪಾತ್ರ ಸ್ಪಷ್ಟವಾದ ಮೇಲೆ ಈ ವಾದ ಹಿಂದೆ ಸರಿಯಿತು.

ಇನ್‌ಹೇಲರ್‌ನ ಹುಟ್ಟಿಗೆ ಅಸ್ತಮಾ ಇದ್ದ ಬಾಲಕಿಯೊಬ್ಬಳ ಪ್ರಶ್ನೆಯೇ ಕಾರಣವೆನ್ನಲಾಗಿದೆ. ಆಗ ಔಷಧವನ್ನು ಸುಲಭವಾಗಿ ಒಡೆಯುವ ಗಾಜಿನ ಉಪಕರಣದಿಂದ ಸೇದಬೇಕಿತ್ತು. ಕೂದಲಿಗೆ ಸಿಂಪಡಿಸುವ ದ್ರವದಂತೆ ತನ್ನ ಔಷಧವೂ ಡಬ್ಬಿಯಲ್ಲಿ ಏಕೆ ಸಿಗಬಾರದೆಂದು 1955ರಲ್ಲಿ ಆಕೆ ತನ್ನ ತಂದೆ, ಅಮೆರಿಕದ ರೈಕರ್ ಲ್ಯಾಬೊರೇಟರೀಸ್‌ನ ಮುಖ್ಯಸ್ಥ ಜಾರ್ಜ್ ಮೈಸನ್‌ರನ್ನು ಕೇಳಿದಳು. ಮರುವರ್ಷವೇ, 1956ರಲ್ಲಿ, ನಿಗದಿತ ಪ್ರಮಾಣವನ್ನು ಸಿಂಪಡಿಸುವ ಮೊದಲ ಇನ್‌ಹೇಲರ್ ಮಾರುಕಟ್ಟೆಗೆ ಬಂದಿತು. 1959ರಲ್ಲಿ ಮಾರ್ಟಿನ್ ರೈಟ್ ಪೀಕ್ ಫ್ಲೋ ಮೀಟರನ್ನು ಪರಿಚಯಿಸಿದರು. ಸಾಲ್ಬುಟಮಾಲ್ 1969ರಲ್ಲಿ, ಬೆಕ್ಲೊಮೆಥಸೋನ್ ಇನ್‌ಹೇಲರ್ 1972ರಲ್ಲಿ ಬಳಕೆಗೆ ಬಂದವು. ಗಿನಾ 1993ರಲ್ಲಿ ಆರಂಭವಾಯಿತು. 1998ರಿಂದ ವಿಶ್ವ ಅಸ್ತಮಾ ದಿನವನ್ನು ಆಚರಿಸಲಾಗುತ್ತಿದ್ದು, ಅದು ಈಗ ಮೇ ತಿಂಗಳ ಮೊದಲ ಮಂಗಳವಾರ ನಡೆಯುತ್ತದೆ.

ಭಾರತ ಮತ್ತು ಕರ್ನಾಟಕದಲ್ಲಿ

ಜಗತ್ತಿನ ಅಸ್ತಮಾ ರೋಗಿಗಳಲ್ಲಿ ಸುಮಾರು ಶೇ. 13ರಷ್ಟು ಜನರು ಭಾರತದಲ್ಲಿದ್ದಾರೆ. ಆದರೆ ಅಸ್ತಮಾ ಸಾವುಗಳಲ್ಲಿ ಭಾರತದ ಪಾಲು ಶೇ. 40ನ್ನು ಮೀರುತ್ತದೆಂದು ಅಂದಾಜಿಸಲಾಗಿದೆ. ತಡವಾದ ರೋಗನಿರ್ಣಯ ಮತ್ತು ಸ್ಟೀರಾಯ್ಡ್ ಇನ್‌ಹೇಲರ್‌ಗಳ ಕಡಿಮೆ ಬಳಕೆ ಈ ಅಂತರಕ್ಕೆ ಮುಖ್ಯ ಕಾರಣಗಳೆಂದು ತಜ್ಞರು ಗುರುತಿಸಿದ್ದಾರೆ.

ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು 1979ರಿಂದ 1999ರವರೆಗೆ ಆಸ್ಪತ್ರೆಗೆ ಬಂದ 18 ವರ್ಷದೊಳಗಿನ 20,000 ಮಕ್ಕಳನ್ನು ಆಧರಿಸಿ ನಡೆಸಿದ ಅಧ್ಯಯನವು 2002ರಲ್ಲಿ ಪ್ರಕಟವಾಯಿತು. ಅದರಲ್ಲಿ ಅಸ್ತಮಾದ ಪ್ರಮಾಣವು 1979ರ ಶೇ. 9ರಿಂದ 1999ರಲ್ಲಿ ಶೇ. 29.5ಕ್ಕೆ ಏರಿದ್ದು ಕಂಡುಬಂದಿತು. ಇದು ಆಸ್ಪತ್ರೆಗೆ ಬಂದ ಮಕ್ಕಳ ಅಂಕಿಅಂಶವಾದುದರಿಂದ ನಗರದ ಎಲ್ಲ ಮಕ್ಕಳಿಗೆ ನೇರವಾಗಿ ಅನ್ವಯಿಸುವುದಿಲ್ಲವಾದರೂ, ನಗರ ಬೆಳೆದಂತೆ ಮತ್ತು ವಾಹನಗಳು ಹೆಚ್ಚಿದಂತೆ ಕಾಯಿಲೆಯೂ ಹೆಚ್ಚಿದುದರತ್ತ ಗಮನ ಸೆಳೆಯಿತು.

ಮುನ್ನೋಟ

ಅಸ್ತಮಾ ಇರುವ ಅನೇಕ ಮಕ್ಕಳಲ್ಲಿ ಹದಿಹರೆಯದ ಹೊತ್ತಿಗೆ ಲಕ್ಷಣಗಳು ಕಡಿಮೆಯಾಗುತ್ತವೆ ಅಥವಾ ನಿಲ್ಲುತ್ತವೆ. ಕೆಲವರಲ್ಲಿ ವಯಸ್ಕರಾದ ಮೇಲೆ ಮರುಕಳಿಸುತ್ತವೆ. ಬಾಲ್ಯದಲ್ಲಿ ತೀವ್ರವಾಗಿದ್ದ ಕಾಯಿಲೆ, ಅಲರ್ಜಿಯ ಪ್ರವೃತ್ತಿ ಮತ್ತು ಧೂಮಪಾನ ಕಾಯಿಲೆಯು ಮುಂದುವರಿಯುವ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಹದಿಹರೆಯದವರು ತಾವು ಗುಣವಾದೆವೆಂದು ಭಾವಿಸಿ ಅಥವಾ ಗೆಳೆಯರೆದುರು ಸಂಕೋಚಪಟ್ಟು ಇನ್‌ಹೇಲರನ್ನು ತಾವಾಗಿಯೇ ಬಿಟ್ಟುಬಿಡುವುದು ಸಾಮಾನ್ಯ. ಲಕ್ಷಣಗಳಿಲ್ಲದಿದ್ದರೂ ಔಷಧವನ್ನು ವೈದ್ಯರ ಸಲಹೆಯಂತೆ ಹಂತಹಂತವಾಗಿ ಇಳಿಸಬೇಕೇ ಹೊರತು ಒಮ್ಮೆಲೇ ನಿಲ್ಲಿಸಬಾರದು. ಸಾಲ್ಬುಟಮಾಲ್ ಮತ್ತು ಬ್ಯುಡೆಸೊನೈಡ್ ಎರಡೂ ಮಕ್ಕಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿರುವ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಇವುಗಳ ಸರಿಯಾದ ಮತ್ತು ನಿಯಮಿತ ಬಳಕೆಯಿಂದ ಮಕ್ಕಳ ಅಸ್ತಮಾ ಸಾವುಗಳಲ್ಲಿ ಬಹುಪಾಲನ್ನು ತಡೆಯಬಹುದಾಗಿದೆ.